ಕನ್ನಡಿ ಮಾತು

ಆ ಮನೆಯಲ್ಲಿ ಬಹಳ ವರ್ಷ ನಾನು ಎಂದರೆ ನೀನು, ನೀನು ಎಂದರೆ ನಾನು. ಹೊರಗಿನವರಿಗೆ ಇದರ ತಲೆಬುಡ ಗೊತ್ತಾಗುತ್ತಿರಲಿಲ್ಲ. ಅಪ್ಪ ದಿನವಿಡೀ ಬಸ್ಸು ಓಡಿಸಿ ಸುಸ್ತಾಗಿ ಬಂದವನು, ಬೂಟು ಬಿಚ್ಚುತ್ತಾ, "ನಿನಗೆ ಟೀ ಬೇಕಾ?" ಎಂದು ಅಮ್ಮನನ್ನು ಕೇಳುತ್ತಿದ್ದ. ಮನೆಗೆ ಬಂದ ನೆಂಟರು ಕಣ್ಣರಳಿಸುತ್ತಿದ್ದರು: ಆಹಾ, ಎಂಥ ಗಂಡ, ಬಂದವನೇ ಹೆಂಡತಿಗೆ ಟೀ ಮಾಡಿಕೊಡಲು ಹೊರಟಿದ್ದಾನೆ! ಹೊರಡುವುದೆಲ್ಲಿ ಬಂತು, ಅವನು ಕೂತ ಕುರ್ಚಿಯಿಂದ ಅಲ್ಲಾಡುತ್ತಿರಲಿಲ್ಲ. ಆ ಮಾತಿನ ಅರ್ಥ, ನನಗೆ ಟೀ ಬೇಕು, ಬೇಗ ಕೊಡು.

ಈ ಭಾಷೆಯನ್ನು ಮನೆಗೆ ತಂದವನು ಅವರ ಒಬ್ಬನೇ ಮಗ. ಅಪ್ಪ ಅವನಿಗಿಟ್ಟ ಅಡ್ಡಹೆಸರು ದೊರೆ. ಯಾರು ಕರೆದರೂ ತಿರುಗಿ ನೋಡದವನು ಇನ್ನೇನು, ದೊರೆಯೇ ಇರಬೇಕು ಎಂದು. ತಮಾಷೆಗೆ ಇಟ್ಟ ಹೆಸರು, ಆಮೇಲೆ ಅದು ಅಷ್ಟು ತಮಾಷೆಯಾಗಿ ಉಳಿಯಲಿಲ್ಲ. ದೊರೆಗೆ ಮೂರು ವರ್ಷವಾದಾಗ, ಹಳದಿ ಗೋಡೆಯ ಒಂದು ಕೋಣೆಯಲ್ಲಿ, ಮರದ ಆಟಿಕೆಗಳ ನಡುವೆ ನೆಲದ ಮೇಲೆ ಕೂತಿದ್ದ ಡಾಕ್ಟರು ಆಟಿಸಂ ಎಂಬ ಮಾತನ್ನು ಹೇಳಿದರು. ಮೆತ್ತಗೇ ಹೇಳಿದರು, ನಿದ್ದೆ ಹೋದ ಮಗುವಿಗೆ ಹೊದಿಕೆ ಹೊದಿಸುವ ಹಾಗೆ. ಅಮ್ಮ ತಡೆಯದೆ ಕೇಳಿದಳು.

"ಮುಂದೆ ಏನಾಗ್ತಾನೆ ಡಾಕ್ಟ್ರೇ?"

"ಅದನ್ನ ಈಗ್ಲೇ ಯಾರೂ ಹೇಳೋಕಾಗಲ್ಲಮ್ಮ. ಒಂದೊಂದು ಮಗು ಒಂದೊಂದು ದಾರಿ ಹಿಡಿಯುತ್ತೆ. ಕೆಲವರಿಗೆ ಮಾತು ಬರುತ್ತೆ, ಕೆಲವರಿಗೆ ಬರಲ್ಲ. ಬಂದ್ರೂ ನಾವಂದುಕೊಂಡ ಹಾಗೇ ಬರುತ್ತೆ ಅಂತಿಲ್ಲ. ನಾನು ಸುಳ್ಳು ಧೈರ್ಯ ಹೇಳಲ್ಲ, ಸುಳ್ಳು ಹೆದರಿಕೇನೂ ಹಾಕಲ್ಲ."

ಅಮ್ಮನಿಗೆ ಆಗ ಡಾಕ್ಟರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಗೊತ್ತಿಲ್ಲ ಎನ್ನಿಸಿಕೊಳ್ಳಲು ಇಷ್ಟು ದೂರ ಬರಬೇಕಿತ್ತೇ ಎಂದು. ಸಿಟ್ಟು ಹೋಯಿತು, ಪ್ರಶ್ನೆ ಹೋಗಲಿಲ್ಲ. ಮುಂದೆ ಏನಾಗ್ತಾನೆ? ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಯಾರದೋ ಮೂಗಿನ ಮೇಲೆ ಫ್ರೇಮು ಕೂರಿಸುವಾಗ, ಆ ಪ್ರಶ್ನೆ ಬಂದು ಅವಳ ಪಕ್ಕ ನಿಲ್ಲುತ್ತಿತ್ತು.

ಮಾತು ಬಂತು. ತಡವಾಗಿ, ಒಂದು ಮಧ್ಯಾಹ್ನ, ಎಲ್ಲೋ ಇದ್ದದ್ದು ತಾನಾಗಿ ನಡೆದು ಬಂದಂತೆ. ಬಟ್ಟೆ ಒಗೆಯುವ ಮೆಶಿನ್ನಿನ ಗಾಜಿನ ಬಾಗಿಲ ಮುಂದೆ ಕೂತು ಒಳಗೆ ತಿರುಗುವ ಬಟ್ಟೆಗಳನ್ನೇ ನೋಡುತ್ತಿದ್ದ ಹುಡುಗ, ಕತ್ತು ಹೊರಳಿಸದೆ, "ನಿನಗೆ ನೀರು ಬೇಕಾ?" ಎಂದ. ಥೇಟ್ ಅಮ್ಮನ ರಾಗದಲ್ಲಿ. ಅಮ್ಮನಿಗೆ ಕೈಕಾಲೇ ಆಡಲಿಲ್ಲ. "ನನಗಾ? ಹೂಂ ಕಣೋ, ಬೇಕು, ಬೇಕು!" ಎಂದಳು. ಅವನು ಮತ್ತೆ ಅದನ್ನೇ ಹೇಳಿದ. ಮತ್ತೊಮ್ಮೆ ಹೇಳುವಾಗ ಅವನ ತುಟಿ ನಡುಗಿತು. ಆಗ ಅವಳಿಗೆ ಹೊಳೆಯಿತು. ಅವನ ಪಾಲಿಗೆ ಅವು ನೀರನ್ನು ಕರೆಯುವ ಶಬ್ದಗಳು. ಅಮ್ಮ ಹಾಗೆಂದಾಗಲೆಲ್ಲ ಲೋಟ ಬಂದಿದೆ. ಅವಳು ಓಡಿಹೋಗಿ ನೀರು ತಂದಳು, ಅವನು ಗಟಗಟ ಕುಡಿದ. ಅವಳು ಅಲ್ಲೇ ನೆಲದ ಮೇಲೆ ಕೂತು, ಖುಷಿಗೋ ದುಃಖಕ್ಕೋ ತನಗೇ ಗೊತ್ತಾಗದೆ ಅತ್ತಳು.

ಅಂದಿನಿಂದ ಅಪ್ಪನೂ ಹಾಗೇ ಮಾತಾಡತೊಡಗಿದ. ಹುಡುಗ ಆ ಭಾಷೆಯಲ್ಲಿ ಒಂಟಿಯಾಗಿ ಇರುವುದು ಬೇಡ ಎಂಬುದು ಅವನ ವಾದ. "ನಮ್ಮ ಮನೇಲಿ ಮೂರು ಭಾಷೆ ಬರುತ್ತೆ ನೋಡು. ಹೊರಗೆ ಕನ್ನಡ, ನಿನ್ನ ಅಂಗಡೀಲಿ ಕನ್ನಡಕ, ಒಳಗೆ ಕನ್ನಡಿ." ಕನ್ನಡಿ ಮಾತು ಎಂಬ ಹೆಸರು ಹೀಗೆ ನಿಂತಿತು. ಅಮ್ಮನ ತಂಗಿ, ಅಂದರೆ ಹುಡುಗನ ಚಿಕ್ಕಮ್ಮ, ಬಾಯಿಗೆ ಬೀಗವಿಲ್ಲದ ಹೆಂಗಸು, ಒಂದು ದಿನ ಅವನನ್ನು ಎಳೆದು ಕೂರಿಸಿಕೊಂಡು ಕೆನ್ನೆ ಹಿಂಡಿದಳು. ಅವನು ಕಿವಿ ಮುಚ್ಚಿಕೊಂಡು, "ಒಬ್ಬನೇ ಇರ್ತೀಯಾ? ಒಬ್ಬನೇ ಇರ್ತೀಯಾ?" ಎಂದು ಕೂಗಿದ. ಅಮ್ಮ ಅವನನ್ನು ಕೇಳುತ್ತಿದ್ದುದು ಆ ಮಾತಿನಲ್ಲೇ, ಅವನು ಅದನ್ನು ಇಡಿಯಾಗಿ ಎತ್ತಿಕೊಂಡಿದ್ದ. ನನ್ನ ಪಾಡಿಗೆ ನನ್ನನ್ನು ಬಿಡಿ ಎಂದು ಅರ್ಥ. "ಅಯ್ಯೋ ಅಕ್ಕಾ, ನಿನ್ನ ಮಗ ನನ್ನನ್ನ ಗಂಡಸು ಮಾಡಿಬಿಟ್ಟ!" ಎಂದು ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

ಮಾತು ಕಲಿಸುವ ಟೀಚರು ಮಾತ್ರ ನಗಲಿಲ್ಲ. ಮನೆಯವರೂ ಹೀಗೆ ಮಾತಾಡುತ್ತಾ ಕೂತರೆ ಹುಡುಗ ಸರಿಯಾದದ್ದನ್ನು ಕಲಿಯುವುದು ಯಾವಾಗ ಎಂದು ಗದರಿಸಿದರು. ಎದೆ ಮುಟ್ಟಿಕೊಂಡು ನಾನು, ಎದುರಿನವರನ್ನು ತೋರಿಸಿ ನೀನು. ವರ್ಷಗಟ್ಟಲೆ ಅದೇ ಪಾಠ. ಅಂತೂ ಇಂತೂ ಒಂದು ದಿನ ತಟ್ಟೆಯನ್ನು ಆಚೆ ತಳ್ಳಿ "ನನಗೆ ಬೇಡ" ಎಂದ. ಅಪ್ಪ ಅಮ್ಮ ಇಬ್ಬರೂ ಎದ್ದು ಕುಣಿಯುವುದೊಂದು ಬಾಕಿ. ಊಟ ಬೇಡ ಎಂದ ಮಗನನ್ನು ನೋಡಿ ಇಷ್ಟು ಹಿಗ್ಗಿದ ತಂದೆತಾಯಿ ಇನ್ನೆಲ್ಲಾದರೂ ಇದ್ದರೋ ಇಲ್ಲವೋ.

ಆಮೇಲೆ ಕನ್ನಡಿ ಮಾತು ಮೆಲ್ಲಗೆ ಮನೆ ಬಿಟ್ಟು ಹೋಯಿತು. ಜ್ವರ ಬಂದರೆ, ತುಂಬ ಹೆದರಿದರೆ ಮಾತ್ರ ಹಿಂದಿರುಗುತ್ತಿತ್ತು. "ನಿನಗೆ ತಲೆ ನೋಯ್ತಾ ಇದ್ಯಾ?" ಎಂದರೆ ಅಮ್ಮ ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಅಪ್ಪ ತೀರಿಕೊಂಡು ಬಂದವರೆಲ್ಲ ಹೋದ ಮೇಲೆ, ಅಷ್ಟು ಹೊತ್ತಿಗೆ ಅಪ್ಪನಷ್ಟೇ ಎತ್ತರ ಬೆಳೆದಿದ್ದ ದೊರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೆ ಅಪ್ಪ ಬೇಕಾ?" ಎಂದಿದ್ದ. "ಗೊತ್ತು ಕಣೋ. ಬೇಕು ಅನ್ಸೇ ಅನ್ಸುತ್ತೆ. ನಾನಿದ್ದೀನಲ್ಲ, ಧೈರ್ಯವಾಗಿರು" ಎಂದಿದ್ದಳು ಅಮ್ಮ, ಬೆನ್ನು ತಿರುಗಿಸಿ ನಿಂತು. ಅವನು ಇನ್ನೂ ಏನೋ ಬರಬೇಕು ಎನ್ನುವಂತೆ ಸ್ವಲ್ಪ ಹೊತ್ತು ಅಲ್ಲೇ ಇದ್ದು, ತನ್ನ ಕೋಣೆಗೆ ಹೋಗಿದ್ದ. ಅಮ್ಮನಿಗೆ ಆ ಭಾಷೆ ಕೇಳಿಸಿದ್ದು ಅದೇ ಕೊನೆ.

ಈಗ ದೊರೆಗೆ ಮೂವತ್ತು ದಾಟಿದೆ. ಮೆಶಿನ್ನಿನ ಮುಂದೆ ಕೂತು ಬಟ್ಟೆ ತಿರುಗುವುದನ್ನು ನೋಡುತ್ತಿದ್ದ ಹುಡುಗ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾನೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಹೊದಿಕೆಗಳೆಲ್ಲ ಬರುವ ದೊಡ್ಡ ಲಾಂಡ್ರಿ. ಬಾಗಿಲು ತೆರೆದರೆ ಹಬೆ ಎದುರುಗೊಳ್ಳುತ್ತದೆ; ಆ ಬಿಳಿಯಲ್ಲಿ ಮನುಷ್ಯರು ಮೊದಲು ಕೈಗಳಾಗಿ, ಆಮೇಲೆ ಮುಖಗಳಾಗಿ ಕಾಣಿಸುತ್ತಾರೆ. ಆಳೆತ್ತರದ ಡ್ರಮ್ಮುಗಳು ಏನನ್ನೋ ನೆನಪಿಸಿಕೊಳ್ಳುವ ಹಾಗೆ ನಿಧಾನವಾಗಿ ಉರುಳುತ್ತವೆ. ಒದ್ದೆ ಬೆಡ್‌ಶೀಟು ಬಿಸಿ ರೋಲರಿನ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಇಳಿಯುತ್ತದೆ. ಇಳಿದದ್ದನ್ನು ದೊರೆ ಮತ್ತು ಅವನ ಜೊತೆಗಾರ, ಎಲ್ಲರೂ ಉದ್ದಣ್ಣ ಎಂದು ಕರೆಯುವ ಒಬ್ಬ ಮಿತಭಾಷಿ, ಎರಡು ತುದಿ ಹಿಡಿದು ಮಡಚುತ್ತಾರೆ. ದೂರ ಹೋಗುತ್ತಾರೆ, ಹತ್ತಿರ ಬರುತ್ತಾರೆ, ಮೂಲೆಗೆ ಮೂಲೆ ಸೇರಿಸುತ್ತಾರೆ. ಅಮ್ಮ ಒಮ್ಮೆ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಬಂದ ಕೆಲಸವನ್ನೇ ಮರೆತು ವಾಪಸು ಹೋಗಿದ್ದಳು.

ಅವಳು ಹಾಗೆ ಮೈಮರೆಯಲು ಕಾರಣವಿತ್ತು. ಚಿಕ್ಕಂದಿನಲ್ಲಿ ದೊರೆಯನ್ನು ಯಾರೂ ಅಪ್ಪಿಕೊಳ್ಳುವಂತಿರಲಿಲ್ಲ. ಮೈ ಸೆಟೆದುಕೊಂಡುಬಿಡುತ್ತಿದ್ದ. ಬೆಡ್‌ಶೀಟು ಮಡಚುವಾಗ ಮಾತ್ರ ತಾನಾಗಿ ತನ್ನ ಎರಡು ಮೂಲೆ ಹಿಡಿದುಕೊಂಡು ಅಮ್ಮನ ಹತ್ತಿರ ಬರುತ್ತಿದ್ದ. ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು, ಬಟ್ಟೆ ಕೈ ಬದಲಾಯಿಸುತ್ತಿತ್ತು, ಮತ್ತೆ ದೂರ. ಅಷ್ಟಕ್ಕಾಗಿ ಅವಳು ಸ್ವಚ್ಛವಾಗಿದ್ದ ಹೊದಿಕೆಗಳನ್ನೂ ಒಗೆದದ್ದುಂಟು.

ಈ ಲಾಂಡ್ರಿಯ ಮೇಲೆ ಒಂದು ಕೋಣೆ ಖಾಲಿಯಾಯಿತು. ಕೆಳಗಿನ ಬಿಸಿನೀರಿನ ಪೈಪುಗಳು ಅದರ ಗೋಡೆಯೊಳಗೆ ಹಾದುಹೋಗುವುದರಿಂದ ಯಾವಾಗಲೂ ಬೆಚ್ಚಗೆ. ಮಾಲೀಕರು ದೊರೆಯನ್ನು ಕೇಳಿದರು, ದೊರೆ ಹೂಂ ಎಂದ. "ಆ ಕೋಣೆ ನನಗೆ ಇಷ್ಟ ಆಯ್ತು. ಬರಿಗಾಲಲ್ಲಿ ನಿಂತ್ರೆ ನೆಲ ಗುನುಗುತ್ತೆ" ಎಂದು ಮನೆಗೆ ಬಂದು ಹೇಳಿದ. ಭಾನುವಾರ ಹೋಗುವುದೆಂದು ನಿಶ್ಚಯವಾಯಿತು. ಚಿಕ್ಕಮ್ಮ ತನ್ನ ಮನೆಯ ಮಡಚುವ ಮಂಚ ಕೊಡುತ್ತೇನೆಂದಳು. ಅಮ್ಮ ಎಲ್ಲರೆದುರು ನಕ್ಕಳು, ಒಳಗೆ ಅವಳ ಜೀವ ಬಾಯಿಗೆ ಬಂದಿತ್ತು. ಅವನಿಗೆ ಹುಷಾರು ತಪ್ಪಿದರೆ? ಬಾಗಿಲು ಬಡಿದರೆ ತೆಗೆಯದಿದ್ದರೆ? ಇಷ್ಟು ಮಾತ್ರ ಅವಳು ತನಗೆ ತಾನೇ ಹೇಳಿಕೊಂಡದ್ದು. ಅವನ ಚಪ್ಪಲಿ ಇಲ್ಲದ ಬಾಗಿಲನ್ನು ತಾನು ಹೇಗೆ ನೋಡಲಿ ಎಂಬುದನ್ನು ಅವಳು ಹೇಳಿಕೊಳ್ಳಲಿಲ್ಲ.

ಆ ವಾರದಲ್ಲೇ ಕನ್ನಡಕದ ಅಂಗಡಿಗೆ ಫೋನು ಬಂತು. ಗಿರಾಕಿಗಳಿಲ್ಲದ ಹೊತ್ತು. ಆ ಕಡೆ ಎಳೆಯ ದನಿಯ ಒಬ್ಬ ಸಂಶೋಧಕಿ. ಹಳದಿ ಗೋಡೆಯ ಆ ಕೋಣೆಗೆ ಚಿಕ್ಕಂದಿನಲ್ಲಿ ಬಂದ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದಾಳಂತೆ. ಅಮ್ಮನಿಗೆ ಒಂದು ಕ್ಷಣ, ತಾನು ಕೇಳಿದ ಪ್ರಶ್ನೆ ಇಷ್ಟು ವರ್ಷ ಎಲ್ಲೆಲ್ಲೋ ಅಲೆದು ತನ್ನ ಹತ್ತಿರವೇ ಉತ್ತರ ಕೇಳಲು ಬಂದಿದೆ ಅನ್ನಿಸಿತು.

"ಕೆಲಸಕ್ಕೆ ಹೋಗ್ತಾರಾ ಮೇಡಂ?"

"ಹೋಗ್ತಾನೆ. ರಜಾ ಹಾಕು ಅಂದ್ರೆ ಜಗಳಕ್ಕೆ ಬರ್ತಾನೆ."

"ಸ್ನೇಹಿತರು?"

"ಒಬ್ಬ ಇದ್ದಾನೆ, ಉದ್ದಣ್ಣ ಅಂತ. ಇಬ್ರೂ ಊಟದ ಹೊತ್ತಲ್ಲಿ ಒಂದೇ ಬೆಂಚ್ ಮೇಲೆ ಕೂತ್ಕೋತಾರೆ. ಮಾತಿಲ್ಲ ಕತೆಯಿಲ್ಲ. ಅದು ಸ್ನೇಹ ಹೌದೋ ಅಲ್ವೋ ನೀವೇ ಹೇಳಿ."

"ಇಬ್ರಿಗೂ ಹಿಡಿಸಿದ್ರೆ ಸ್ನೇಹಾನೇ ಮೇಡಂ" ಎಂದು ಹುಡುಗಿ ನಕ್ಕಳು. "ಒಬ್ಬರೇ ಇರ್ತಾರಾ?"

"ಭಾನುವಾರದಿಂದ."

"ನೀವು ಹೇಗಿದ್ದೀರಿ, ನಿಮಗೆ ಬೇಜಾರಾ, ಅಂತೆಲ್ಲ ಅವರಾಗಿ ನಿಮ್ಮನ್ನ ವಿಚಾರಿಸ್ತಾರಾ?"

"ಇಲ್ಲಮ್ಮ. ಎಲ್ಲ ಬಂತು, ಅದೊಂದು ಬರಲಿಲ್ಲ. ನಾನು ಅದಕ್ಕೆ ಬೇಜಾರೂ ಮಾಡ್ಕೊಂಡಿಲ್ಲ." ಈ ಎರಡನೆಯದು ಸುಳ್ಳು.

ಉಳಿದ ಮಕ್ಕಳ ಸುದ್ದಿ ಕೇಳಿದಳು ಅಮ್ಮ. ಹೆಸರು ಹೇಳುವಂತಿಲ್ಲ ಎಂದು ಹುಡುಗಿ ಮೇಲುಮೇಲಕ್ಕೆ ಹೇಳಿದಳು. ಒಬ್ಬ ಶಾಲೆಯಲ್ಲಿ ಮೇಷ್ಟ್ರು, ಅವನಿಗೆ ಚಿಕ್ಕಂದಿನಲ್ಲಿ ಹೀಗಿತ್ತೆಂದು ಅವನ ಹೆಂಡತಿ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಒಬ್ಬಳಿಗೆ ಮಾತು ಬರಲೇ ಇಲ್ಲ. ಅಣ್ಣನ ಮನೆಯಲ್ಲಿದ್ದಾಳೆ, ಬೇಕಾದದ್ದನ್ನು ಚಿತ್ರ ಮುಟ್ಟಿ ತೋರಿಸುತ್ತಾಳೆ, ಚೆನ್ನಾಗಿ ನಗುತ್ತಾಳೆ. ಕೆಲವರಿಗೆ ಇನ್ನೂ ಕಷ್ಟವೇ. "ಡಾಕ್ಟ್ರು ಹೇಳ್ತಿದ್ರಂತಲ್ಲ, ಒಂದೊಂದು ಮಗು ಒಂದೊಂದು ದಾರಿ ಅಂತ" ಎಂದ ಹುಡುಗಿ, ಒಮ್ಮೆ ದೊರೆಯ ಜೊತೆಯೇ ಮಾತಾಡಬಹುದೇ ಎಂದು ಕೇಳಿದಳು. "ಅವನು ಫೋನಲ್ಲಿ ಮಾತಾಡಲ್ಲ" ಎಂದುಬಿಟ್ಟಳು ಅಮ್ಮ. ಅವನನ್ನು ಕೇಳದೆಯೇ ಹೇಳಿದ ಮಾತು ಅದು.

ಫೋನಿಟ್ಟ ಮೇಲೆ ಅವಳಿಗೆ ಅಲ್ಲೇ ಜೊಂಪು ಹತ್ತಿತು. ಕಪಾಟಿನ ಕನ್ನಡಕಗಳೆಲ್ಲ ತನ್ನನ್ನೇ ನೋಡುತ್ತಿವೆ ಅನ್ನಿಸುತ್ತಾ ಅನ್ನಿಸುತ್ತಾ ಹಳದಿ ಗೋಡೆ ಕಂಡಿತು. ಆ ಕಾಯುವ ಕೋಣೆಯ ಪುಟ್ಟ ಕುರ್ಚಿಗಳ ಮೇಲೆ ಆ ಮಕ್ಕಳೇ ಕೂತಿದ್ದಾರೆ, ದೊಡ್ಡವರಾಗಿದ್ದಾರೆ, ಮಂಡಿ ಗಲ್ಲಕ್ಕೆ ತಾಗುತ್ತಿದೆ, ಕೆಲವರ ತಲೆ ನರೆತಿದೆ. ಹೆಸರು ಕರೆಯುತ್ತಿರುವವನು ಬಸ್ಸಿನ ಯೂನಿಫಾರ್ಮು ತೊಟ್ಟ ಅಪ್ಪ. ಕೋಣೆಯ ತುದಿಯಲ್ಲಿ ಗೋಡೆಯ ಬದಲು ಬಿಳಿ ಬೆಡ್‌ಶೀಟು ಗಾಳಿಗೆ ಉಬ್ಬುತ್ತಿದೆ. ಅಮ್ಮ ಡಾಕ್ಟರನ್ನು ಕೇಳುತ್ತಾಳೆ, ಮುಂದೆ ಏನಾಗ್ತಾನೆ? ಡಾಕ್ಟರು ಆಟಿಕೆಯಿಂದ ತಲೆಯೆತ್ತಿ, "ಮುಂದೆ ಏನಾಗ್ತೀರಿ?" ಎನ್ನುತ್ತಾರೆ. ಡಾಕ್ಟರಿಗೂ ಕನ್ನಡಿ ಮಾತು ಬಂತಲ್ಲ ಎಂದು ಅವಳಿಗೆ ಕನಸಿನಲ್ಲೇ ನಗು. ಗಿರಾಕಿಯೊಬ್ಬ ಕೆಮ್ಮಿದಾಗ ಎಚ್ಚರವಾಯಿತು.

ಆ ಸಂಜೆ ತಾಯಿ ಮಗ ಹೊಸ ಕೋಣೆಗೆ ಒಯ್ಯುವ ಬೆಡ್‌ಶೀಟುಗಳನ್ನು ಮಡಚುತ್ತಿದ್ದರು. ಕಿಟಕಿಯ ಬಿಸಿಲು ಬಟ್ಟೆಯೊಳಗಿನಿಂದ ಹಾಯ್ದು ಕೋಣೆಯೆಲ್ಲ ಹಾಲಿನ ಬಣ್ಣಕ್ಕೆ ತಿರುಗಿತ್ತು. ದೂರ ಹೋದರು, ಹತ್ತಿರ ಬಂದರು. ಬೆರಳಿಗೆ ಬೆರಳು ತಾಗುವ ಹೊತ್ತಿಗೆ ದೊರೆ ಮೂಲೆಗಳನ್ನು ಬಿಟ್ಟುಕೊಡದೆ ನಿಂತ. ಅವಳ ಮುಖ ನೋಡಲಿಲ್ಲ, ಬಟ್ಟೆಯ ಅಂಚನ್ನು ನೋಡುತ್ತಾ ಕೇಳಿದ.

"ಭಾನುವಾರ ಆದ್ಮೇಲೆ ನಿನಗೆ ಒಂಟಿ ಅನ್ಸುತ್ತಾ?"

ಅಮ್ಮನಿಗೆ ಥಟ್ಟನೆ ಅನ್ನಿಸಿತು: ವರ್ಷಗಳ ಮೇಲೆ ಕನ್ನಡಿ ಮಾತು ಮನೆಗೆ ಬಂದಿದೆ. ಹುಡುಗ ಹೆದರಿದ್ದಾನೆ. ಬಾಯಿ ಬಿಟ್ಟು ಹೇಳಲಾಗದೆ ಹಳೆಯ ಭಾಷೆಯ ಹಿಂದೆ ಅಡಗಿ ಹೇಳುತ್ತಿದ್ದಾನೆ: ನನಗೆ ಒಂಟಿ ಅನ್ಸುತ್ತೆ. ಅವಳಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಭಾವ ಬಂತು, ಮುಚ್ಚಿಡುವುದೇಕೆ, ಅದು ಸಂತೋಷ. ಹೊತ್ತುಕೊಂಡಿದ್ದ ಮೂಟೆ ಯಾರೋ ಇಳಿಸಿದಂತಾಯಿತು.

"ಗೊತ್ತಾಯ್ತು ದೊರೆ" ಎಂದಳು. "ನೀನೇನೂ ಯೋಚ್ನೆ ಮಾಡ್ಬೇಡ. ನಾನು ನೋಡ್ಕೋತೀನಿ."

ಅವನು ಇನ್ನೂ ಸ್ವಲ್ಪ ಹೊತ್ತು ಮೂಲೆಗಳನ್ನು ಹಿಡಿದೇ ಇದ್ದ. ಆಮೇಲೆ ಬಿಟ್ಟ.

ಮರುದಿನ ಅಂಗಡಿಗೆ ಹೋಗುವ ಮೊದಲೇ ಅವಳು ಲಾಂಡ್ರಿಯ ಆಫೀಸಿಗೆ ಹೋದಳು. ದೊರೆ ಒಳಗೆ ರೋಲರಿನ ಹತ್ತಿರ ಇದ್ದ. ಮಾಲೀಕರು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಹುಬ್ಬೇರಿಸಿದರು.

"ಬರಲ್ವಾ? ನಿನ್ನೆ ತಾನೇ ದಿಂಬು ತಂದಿಟ್ಟಿದ್ದಾನಲ್ಲಮ್ಮ. ಅವನೇ ಹೇಳಿದ್ನಾ ಬರಲ್ಲ ಅಂತ?"

"ಅವನು ಹೇಳೋ ರೀತಿಯೇ ಬೇರೆ ಸರ್. ನನಗೆ ಅರ್ಥ ಆಗುತ್ತೆ."

"ನೀವು ತಾಯಿ, ನಿಮಗೆ ಗೊತ್ತಿರುತ್ತೆ ಬಿಡಿ. ವ್ಯಾನ್ ಡ್ರೈವರ್ ಕೋಣೆ ಕೊಡಿ ಅಂತ ಪ್ರಾಣ ತಿಂತಿದ್ದಾನೆ. ಅವನಿಗೇ ಕೊಟ್ಟುಬಿಡ್ತೀನಿ."

ಹೊರಗೆ ಬಂದು ಅವಳು ತಂಗಿಗೆ ಫೋನು ಮಾಡಿ ಮಂಚ ಬೇಡವೆಂದಳು. ತಂಗಿ ಒಂದು ಕ್ಷಣ ಸುಮ್ಮನಿದ್ದಳು, ಅದೇ ದೊಡ್ಡ ವಿಶೇಷ. "ಅಕ್ಕಾ, ಹೆದರಿದ್ದು ಅವನೋ ನೀನೋ?" ಎಂದಳು. "ನಿನಗೇನು ಗೊತ್ತಾಗುತ್ತೆ, ಸುಮ್ನಿರೇ" ಎಂದು ಅಮ್ಮ ಫೋನು ಕಟ್ ಮಾಡಿದಳು. ಅವತ್ತು ಅಂಗಡಿಯಲ್ಲಿ ಅವಳಿಗೆ ಮೈಯೆಲ್ಲ ಹಗುರ. ಬೀದಿಯ ಮರಗಳೂ ಮುಂಚಿಗಿಂತ ಹಸಿರಾಗಿ ಕಂಡವು.

ದೊರೆ ಅವತ್ತು ಎಂದಿಗಿಂತ ಬೇಗ ಮನೆಗೆ ಬಂದ. ಕಂಕುಳಲ್ಲಿ ದಿಂಬು. ಊಟಕ್ಕೆ ಕೂರಲಿಲ್ಲ. ಬಟ್ಟೆ ಒಗೆಯುವ ಮೆಶಿನ್ನಿನ ಮುಂದೆ ನೆಲಕ್ಕೆ ಕೂತು, ಖಾಲಿ ಮೆಶಿನ್ನನ್ನೇ ಚಾಲೂ ಮಾಡಿ, ಗಾಜಿಗೆ ಹಣೆಯಿಟ್ಟ. ಒಳಗೆ ಬರೀ ನೀರು ತಿರುಗುತ್ತಿತ್ತು. ಅಮ್ಮ ಅವನಿಂದ ಸ್ವಲ್ಪ ದೂರದಲ್ಲಿ, ಅವನು ಚಿಕ್ಕವನಿದ್ದಾಗ ತಾನು ಕೂರುತ್ತಿದ್ದಲ್ಲೇ ಕೂತಳು.

"ಡ್ರೈವರ್ ಹಾಸಿಗೆ ಹಾಕಿದ್ದಾನೆ" ಎಂದ ದೊರೆ. "ನನ್ನ ಕೋಣೇಲಿ."

"ಹೋಗ್ಲಿ ಬಿಡು. ನೀನೇ ಅಂದ್ಯಲ್ಲ, ಒಂಟಿ ಅನ್ಸುತ್ತೆ ಅಂತ."

"ನಾನು ಅನ್ನಲಿಲ್ಲ. ನಾನು ಕೇಳಿದೆ." ಅವನ ದನಿ ಏರಿತು. ಗಾಜಿನ ಮೇಲೆ ಉಸಿರು ಹಬೆಯಾಗಿ ಕೂತಿತು. "ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ನಾನು ಹೋದ್ಮೇಲೆ ಈ ಮನೇಲಿ ನೀನು ಒಬ್ಬಳೇ ಇರ್ತೀಯಾ? ಒಬ್ಬಳೇ ಇದ್ರೆ ನಿನಗೆ ಒಂಟಿ ಅನ್ಸುತ್ತಾ? ಅದನ್ನ ಕೇಳಿದೆ."

ಒಬ್ಬಳೇ.

ಅಮ್ಮನಿಗೆ ಆ ಳಕಾರ ಕಿವಿಯಲ್ಲಿ ಗಂಟೆಯ ಹಾಗೆ ಬಾರಿಸಿತು. ಕನ್ನಡಿ ಮಾತಾಗಿದ್ದರೆ ಅದು ಒಬ್ಬನೇ ಆಗಬೇಕಿತ್ತು. ಕೆನ್ನೆ ಹಿಂಡಿದ ಚಿಕ್ಕಮ್ಮನನ್ನು ಗಂಡಸು ಮಾಡಿದ ಒಬ್ಬನೇ, ಅಮ್ಮನ ಬಾಯಿಂದ ಹಾಗೆಯೇ ಎತ್ತಿಕೊಂಡ ಒಬ್ಬನೇ. ಇದು ಯಾರ ಬಾಯಿಂದಲೂ ಎತ್ತಿಕೊಂಡದ್ದಲ್ಲ. ಇಡೀ ಮನೆಯಲ್ಲಿ ಒಬ್ಬಳೇ ಆಗುವವಳು ಅವಳೊಬ್ಬಳೇ. ಅವನು ಅವಳನ್ನೇ ಕೇಳಿದ್ದಾನೆ. ಅವಳ ಮನಸ್ಸನ್ನು ವಿಚಾರಿಸಿದ್ದಾನೆ. ಅದೊಂದು ಬರಲಿಲ್ಲ ಎಂದು ಅವಳು ಫೋನಿನಲ್ಲಿ ಹೇಳಿಕೊಂಡದ್ದನ್ನು ಅವನು ಅದೇ ದಿನ, ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ನಿಂತು ಮಾಡಿದ್ದಾನೆ. ಅವಳು ಗೊತ್ತಾಯ್ತು ಎಂದುಬಿಟ್ಟಳು. ಗೊತ್ತಾದದ್ದು ಏನು, ಮಣ್ಣು!

ಆಮೇಲೆ ಇನ್ನೊಂದು ಯೋಚನೆ ಬಂತು.

"ದೊರೆ. ಅಪ್ಪ ಹೋದಾಗ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದೆ. ನಿನಗೆ ಅಪ್ಪ ಬೇಕಾ ಅಂತ. ಅದು..."

"ನಿನ್ನನ್ನ ಕೇಳಿದ್ದು" ಎಂದ ಅವನು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. "ನೀನು ಆ ಕಡೆ ತಿರುಗಿದ್ದೆ. ಭುಜ ಅಲ್ಲಾಡ್ತಿತ್ತು. ನೀನು ಅದಕ್ಕೂ ಉತ್ತರ ಕೊಡಲಿಲ್ಲ."

ಮೆಶಿನ್ನಿನ ನೀರು ಒಂದು ಕಡೆ ತಿರುಗಿ ನಿಂತು ಇನ್ನೊಂದು ಕಡೆ ತಿರುಗತೊಡಗಿತು. ಅಮ್ಮನಿಗೆ ಕಣ್ಣು ತುಂಬಿ ಎಲ್ಲವೂ ಆ ಗಾಜಿನ ಹಿಂದೆ ಇದ್ದಂತೆ ಕಂಡಿತು. ಇಷ್ಟು ವರ್ಷ ಅವನ ಮಾತಿನ ಅರ್ಥ ತನಗೊಬ್ಬಳಿಗೇ ಗೊತ್ತು ಎಂದು ಬೀಗಿದ್ದಳು. ಗೊತ್ತಿದ್ದದ್ದು ಹಳೆಯ ಹುಡುಗನ ಮಾತು. ಈ ಗಂಡಸಿನ ಮಾತನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ನಾಚಿಕೆಯಾಯಿತು, ಆ ಎರಡರ ಅಡಿಯಲ್ಲಿ ಹಿಡಿಸಲಾರದಷ್ಟು ಸಂತೋಷವೂ ಇತ್ತು.

"ಬೇಕು" ಎಂದಳು. "ನನಗೆ ಅಪ್ಪ ಬೇಕಿತ್ತು. ಈಗ್ಲೂ ಬೇಕು ಅನ್ಸುತ್ತೆ. ನೀನು ಹೋದ್ಮೇಲೆ ನನಗೆ ಒಂಟಿ ಅನ್ಸುತ್ತೆ. ತುಂಬಾ ಅನ್ಸುತ್ತೆ."

ದೊರೆ ಗಾಜಿನಿಂದ ಹಣೆ ತೆಗೆದ. ಹಣೆಯಲ್ಲಿ ಕೆಂಪು ಗುರುತಿತ್ತು. ಬಹಳ ದಿನ ಕಾದ ಉತ್ತರ ಸಿಕ್ಕವರ ಹಾಗೆ ತಲೆದೂಗಿದ.

"ಸರಿ. ಹಾಗಾದ್ರೆ ಬುಧವಾರ ಬರ್ತೀನಿ. ಬೆಡ್‌ಶೀಟ್ ಮಡಚೋಕೆ ಇಬ್ರು ಬೇಕು."

"ಮತ್ತೆ ಆ ಕೋಣೆ?"

"ಕೇಳ್ಬೇಕು."

ಮರುದಿನ ಬೆಳಿಗ್ಗೆ ಇಬ್ಬರೂ ಲಾಂಡ್ರಿಗೆ ಹೋದರು. ದಾರಿಯುದ್ದಕ್ಕೂ ಅಮ್ಮ ಮಾಲೀಕರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು. ಆಫೀಸಿನ ಬಾಗಿಲಲ್ಲಿ ಬಾಯಿ ತೆರೆದವಳು, ದೊರೆ ಮುಂದೆ ಹೋಗಿ ನಿಂತದ್ದು ನೋಡಿ ನಾಲಿಗೆ ಕಚ್ಚಿಕೊಂಡಳು.

"ಆ ಕೋಣೆ ನನಗೆ ಬೇಕು" ಎಂದ ದೊರೆ, ಮಾಲೀಕರ ಪೆನ್ಸಿಲ್ಲನ್ನು ನೋಡುತ್ತಾ.

"ನಿಮ್ಮಮ್ಮ ಬೇಡ ಅಂದ್ರಲ್ಲಪ್ಪಾ?"

"ಅಮ್ಮನಿಗೆ ತಪ್ಪಾಗಿ ಕೇಳಿಸ್ತು."

ಮಾಲೀಕರು ಅವಳ ಕಡೆ ನೋಡಿದರು. ಕನ್ನಡಕದ ಅಂಗಡಿಯವಳಿಗೆ ಕಿವಿಯದೇ ತೊಂದರೆ ಎಂದು ಅಲ್ಲಿದ್ದ ಎಲ್ಲರ ಮುಂದೆ ಸಾಬೀತಾಯಿತು. "ಹೌದು ಸರ್, ತಪ್ಪು ನಂದೇ" ಎಂದಳು. ವ್ಯಾನ್ ಡ್ರೈವರು ಗೊಣಗುತ್ತಾ ಹಾಸಿಗೆ ಸುತ್ತಿದ. ಅದನ್ನು ಹೊತ್ತು ಇಳಿಸಲು ಯಾರೂ ಕರೆಯದಿದ್ದರೂ ಉದ್ದಣ್ಣ ಬಂದ, ಒಂದು ಮಾತಾಡದೆ ಇಳಿಸಿ, ಒಂದು ಮಾತಾಡದೆ ಹೋದ. ದೊರೆ ಹೋಗುವ ಅವನ ಬೆನ್ನು ನೋಡಿ ನಕ್ಕ. ಅದು ಸ್ನೇಹವೋ ಅಲ್ಲವೋ ಎಂಬ ಅನುಮಾನ ಅಮ್ಮನಿಗೆ ಆಮೇಲೆ ಉಳಿಯಲಿಲ್ಲ.

ಭಾನುವಾರ ಲಾಂಡ್ರಿಗೆ ರಜೆ. ಡ್ರಮ್ಮುಗಳು ಸುಮ್ಮನಿದ್ದವು, ಪೈಪಿನಲ್ಲಿ ಉಳಿದ ಬಿಸಿ ಮಾತ್ರ ಗೋಡೆಯೊಳಗೆ ಮೆಲ್ಲಗೆ ಟಿಕ್ ಟಿಕ್ ಎನ್ನುತ್ತಿತ್ತು. ಅಕ್ಕ ಮತ್ತೆ ಫೋನು ಮಾಡಿ ಕೇಳಿದ ಮಂಚವನ್ನು ಚಿಕ್ಕಮ್ಮ ಬಿಚ್ಚಿ ಹಾಕಿ, ಮಾಲೀಕರಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲರಿಗೂ ಎಲ್ಲಕ್ಕೂ ಬುದ್ಧಿ ಹೇಳಿ, ಬಸ್ಸು ಹಿಡಿಯಲು ಕೆಳಗಿಳಿದಳು. ತಾಯಿ ಮಗ ಒಂದು ಬೆಡ್‌ಶೀಟನ್ನು ಬಿಡಿಸಿ ಮಂಚಕ್ಕೆ ಹಾಸಿದರು. ಬಟ್ಟೆ ಉಬ್ಬಿ ನಿಧಾನವಾಗಿ ಇಳಿಯಿತು. ಅಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ನೋಡಿದಳು. ನೆಲ ಗುನುಗುತ್ತಿರಲಿಲ್ಲ. "ನಾಳೆ ಗುನುಗುತ್ತೆ" ಎಂದ ದೊರೆ.

ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಹೊರಡಬೇಕಿತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತೇ ಇದ್ದಳು. ದೊರೆ ಕೋಣೆಯ ನಡುವೆ ನಿಂತು ಏನೋ ಯೋಚಿಸಿದ, ಕಪಾಟಿನ ಕಡೆ ನೋಡಿದ.

"ನಿನಗೆ ನೀರು ಬೇಕಾ?"

ಅವಳು ಥಟ್ಟನೆ ಎದ್ದುನಿಂತಳು. ಕೈ ತಾನಾಗಿ ಹೂಜಿಯತ್ತ ಹೋಗಿತ್ತು, ಮಗನಿಗೆ ಬಾಯಾರಿದೆ ಎಂದು. ಅರ್ಧದಲ್ಲಿ ನಿಂತಳು. ಅವನ ಕೈಯಲ್ಲಿ ಆಗಲೇ ಹೊಸ ಲೋಟವಿತ್ತು, ಅದನ್ನು ಅವಳ ಕಡೆಗೆ ಹಿಡಿದಿದ್ದ. ತನ್ನ ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿದ್ದ.

ಅಮ್ಮ ಮತ್ತೆ ಕೂತಳು.

"ಹೂಂ" ಎಂದಳು. "ನನಗೆ ಬೇಕು."